ಡೆಮೋ ಪೀಸು

ಕಿರ್ರ್ ಎಂದು ಥರ್ಮೋಕೋಲು ಡಬ್ಬದ ಗೋಡೆಗೆ ಉಜ್ಜುವ ಸದ್ದು, ಈ ಸದ್ದಿಗೆ ಲೋಕದ ಹಲ್ಲೆಲ್ಲ ಜುಮ್ಮೆನ್ನುತ್ತದೆ, ನನ್ನ ಕಿವಿ ಮಾತ್ರ ನಾಯಿಯ ಕಿವಿಯಂತೆ ನೆಟ್ಟಗಾಗುತ್ತದೆ, ಇಪ್ಪತ್ತೇಳು ವರ್ಷ ಈ ಸದ್ದಿನ ಬೆನ್ನಿಗೇ ಏನಾದರೊಂದು ಹೊಸದು ಹೊರಗೆ ಬಂದಿದೆಯಲ್ಲ, ಇನ್ನೂ ಯಾರ ಬೆರಳೂ ತಾಕದ್ದು, ಪ್ಲಾಸ್ಟಿಕ್ಕಿನ ಒಳಗೆ ಬೆವರದೆ ಕೂತಿದ್ದದ್ದು — ಇವತ್ತು ಬರುತ್ತಿರುವುದೆಲ್ಲ ಹಳೆಯದು, ಆದರೂ ಕಿವಿಗೆ ಬುದ್ಧಿ ಹೇಳುವವರು ಯಾರು. ಕ್ಯಾಷಿಯರಮ್ಮ ಗೋಡೌನಿನ ನೆಲದ ಮೇಲೆ ಕಾಲು ಚಾಚಿ ಕೂತು ಡಬ್ಬ ಬಿಚ್ಚುತ್ತಿದ್ದಾಳೆ, ಇವಳು ನೆಲದ ಮೇಲೆ ಕೂತದ್ದನ್ನು ನಾನು ನೋಡುತ್ತಿರುವುದು ಇದೇ ಮೊದಲು, ಗಾಜಿನ ಹಿಂದಿನ ಎತ್ತರದ ಕುರ್ಚಿಯೇ ಇವಳ ಅರ್ಧ ದೇಹ ಅಂದುಕೊಂಡಿದ್ದೆ. ಟಿವಿ, ಫ್ಯಾನು ಮಾರುವ ನಮ್ಮ ಅಂಗಡಿ ಇವತ್ತಿಗೆ ಮುಗಿಯಿತು. ನಾಳೆಯಿಂದ ಇಲ್ಲಿ ಕನ್ನಡಕ ಮಾರುತ್ತಾರಂತೆ, ಮಾರಲಿ, ಜನಕ್ಕೆ ಕಣ್ಣು ಕಾಣಬೇಕಲ್ಲ. ಬೆಳಿಗ್ಗೆ ಯಜಮಾನರು ನಮ್ಮ ಮೂವರನ್ನೂ ಕರೆದು, ಗೋಡೌನಲ್ಲಿ ಮಾರದೆ ಉಳಿದಿರೋದ್ರಲ್ಲಿ ಒಬ್ಬೊಬ್ಬರು ಒಂದೊಂದು ತಗೊಂಡ್ಹೋಗಿ, ನನ್ನ ನೆನಪಿಗಿರ್ಲಿ, ಅಂದರು, ಅಂದವರೇ ಕಿಟಕಿಯ ಕಡೆ ತಿರುಗಿಬಿಟ್ಟರು, ಅಲ್ಲಿ ನೋಡಲು ಏನೂ ಇರಲಿಲ್ಲ. ವಾರಂಟಿ — ಮಾತಿಗೊಮ್ಮೆ ವಾರಂಟಿ ಎನ್ನುವ ನಮ್ಮ ಇನ್ನೊಬ್ಬ ಸೇಲ್ಸ್‌ಮನ್, ಅವನ ನಿಜವಾದ ಹೆಸರು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ — ಆಗಲೇ ಒಂದು ಸ್ಟೆಬಿಲೈಸರನ್ನು ಬಗಲಿಗೆ ಸಿಕ್ಕಿಸಿಕೊಂಡು, ಮೇಡಂ, ನೀವೇನು ತಗೊಳ್ತೀರಿ, ಬೇಗ ನೋಡ್ಕೊಳ್ಳಿ, ಆಮೇಲೆ ಸಿಗಲ್ಲ, ಅಂದ. ನಾನು ನೋಡಿಕೊಳ್ಳಬೇಕಂತೆ, ನಾನು! ಯಾರಿಗೆ ಏನು ಬೇಕೆಂದು ಅವರಿಗಿಂತ ಮೊದಲು ತಿಳಿಯುವುದೇ ನನ್ನ ಕಸುಬು. ಬಾಗಿಲು ತಳ್ಳಿಕೊಂಡು ಬಂದವರು ಮೊದಲು ನೋಡುವುದು ದೊಡ್ಡ ಟಿವಿಯನ್ನು, ಎಲ್ಲರೂ ಅದನ್ನೇ ನೋಡುತ್ತಾರೆ, ಅದಕ್ಕೆ ಬೆಲೆಯಿಲ್ಲ, ಕಣ್ಣು ಎರಡನೇ ಸಲ ಎಲ್ಲಿಗೆ ಹೋಗುತ್ತದೋ ಅಲ್ಲಿದೆ ಗುಟ್ಟು, ಆ ಎರಡನೇ ನೋಟವನ್ನು ಒಮ್ಮೆ ಹಿಡಿದರೆ ಸಾಕು, ಮಿಕ್ಕದ್ದು ನನ್ನ ನಾಲಗೆಯ ಕೆಲಸ, ಈ ಬೀದಿಯಲ್ಲಿ ನನ್ನಷ್ಟು ಮಾರಿದವರು ಇನ್ನೊಬ್ಬರಿಲ್ಲ, ಇದು ಜಂಬವಲ್ಲ, ಲೆಕ್ಕ.

ಇಗೋ ಜೇಬಿನ ಟೇಪ್ ಪ್ಲೇಯರ್, ಕಿತ್ತಳೆ ಬಣ್ಣದ ಹೆಡ್‌ಫೋನು, ಸ್ಪಂಜು ಪುಡಿಪುಡಿಯಾಗಿ ಕೈಗೆಲ್ಲ ಅಂಟುತ್ತಿದೆ — ಹದಿನೇಳು ವರ್ಷದವಳಿದ್ದೆ, ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಒಬ್ಬಳು ಕಿಟಕಿಯ ಪಕ್ಕ ಕೂತು ಏನನ್ನೂ ನೋಡದೆ ನಗುತ್ತಿದ್ದಳು, ತಲೆ ಕೆಟ್ಟಿದೆ ಪಾಪ ಅಂದುಕೊಂಡೆ, ಆಮೇಲೆ ಕೂದಲಿನ ನಡುವೆ ಕಿತ್ತಳೆ ಕಂಡಿತು, ಬಸ್ಸಿನ ತುಂಬ ಜನ, ಕಂಡಕ್ಟರನ ಕೂಗಾಟ, ಇವಳೊಬ್ಬಳಿಗೆ ಮಾತ್ರ ಬೇರೆಯದೇ ಹಾಡು, ಅಷ್ಟು ಜನರ ಮಧ್ಯೆ ಇವಳಿಗೊಂದು ಪ್ರತ್ಯೇಕ ಕೋಣೆ. ನಮ್ಮದು ಒಂದೇ ಕೋಣೆಯ ಮನೆ, ಅರ್ಧ ಅಪ್ಪನ ಹೊಲಿಗೆ ಮೆಷಿನ್ನು, ಇನ್ನರ್ಧದಲ್ಲಿ ನಾವು ನಾಲ್ಕು ಜನ. ನನಗೆ ಬೇಕಾದದ್ದು ಹಾಡಲ್ಲ, ಆ ಕೋಣೆ. ಮುಂದೆ ಇದೇ ಕಿತ್ತಳೆಯನ್ನು ಎಷ್ಟು ಕಿವಿಗಳಿಗೆ ಹಾಕಿದೆ, ಪಕ್ಕದ ಆಸ್ಪತ್ರೆಯ ನರ್ಸಮ್ಮ ಒಬ್ಬಳು ದಿನಾ ಊಟದ ಬಿಡುವಿನಲ್ಲಿ ಬಂದು, ಮೇಡಂ, ಒಂದೇ ಒಂದು ಹಾಡು, ಅನ್ನುತ್ತಿದ್ದಳು, ಕೊಳ್ಳುವುದಿಲ್ಲವೆಂದು ಅವಳಿಗೂ ಗೊತ್ತು ನನಗೂ ಗೊತ್ತು, ಕಣ್ಣು ಮುಚ್ಚಿ ಗಾಜಿನ ಕಪಾಟಿಗೆ ಒರಗಿ ನಿಲ್ಲುತ್ತಿದ್ದಳು, ನಾನು ಆ ಮೂರು ನಿಮಿಷ ಯಾರನ್ನೂ ಆ ಕಡೆ ಬಿಡುತ್ತಿರಲಿಲ್ಲ. ಇದೋ ಎಲೆಕ್ಟ್ರಾನಿಕ್ ಡೈರಿ, ಬೆಂಕಿಪೊಟ್ಟಣದಂಥ ಪರದೆ, ಸಾಸಿವೆಕಾಳಿನಂಥ ಗುಂಡಿಗಳು, ಐವತ್ತು ಫೋನ್ ನಂಬರು ಇಟ್ಟುಕೊಳ್ಳುತ್ತದೆ ಅಂದರೆ ಜನ ಬಾಯಿ ಬಿಡುತ್ತಿದ್ದ ಕಾಲ, ಆ ವಕೀಲರ ಗುಮಾಸ್ತ — ದೇವರೇ, ಆ ಗುಮಾಸ್ತ! — ನೋಡೋಣ ಹೇಗೆ ಕೆಲಸ ಮಾಡುತ್ತೆ ಅಂತ ಡೆಮೋ ಪೀಸಿನಲ್ಲಿ ತನ್ನ ಬಳಗದ ನಂಬರನ್ನೆಲ್ಲ ಒಂದೊಂದಾಗಿ ತುಂಬಿಸಿಬಿಟ್ಟ, ಆಮೇಲೆ ವಾರಕ್ಕೆರಡು ಸಲ ಬಾಗಿಲಲ್ಲಿ ಹಾಜರು, ಮೇಡಂ, ನಮ್ಮ ಬೀಗರ ನಂಬರ್ ಸ್ವಲ್ಪ ನೋಡ್ಕೊಂಡು ಹೋಗ್ತೀನಿ. ಅದನ್ನು ನಾನು ಮಾರಲಿಲ್ಲ. ಕೇಳಿದವರಿಗೆ ಹೊಸ ಪೀಸು ಕೊಟ್ಟೆ, ಆ ಡೆಮೋ ಪೀಸನ್ನು ಮಾತ್ರ ಡ್ರಾಯರಿನಲ್ಲಿಟ್ಟೆ, ಒಬ್ಬ ಮನುಷ್ಯನ ಬಂಧುಬಳಗವನ್ನು ಹೇಗೆ ಮಾರುವುದು. ಕ್ಯಾಷಿಯರಮ್ಮ ಆಗ ಸಿಡುಕಿದ್ದಳು, ಇದೇನು ಅಂಗಡೀನೋ ಛತ್ರಾನೋ. ಈಗ ಅವಳೇ ಆ ಡೈರಿಯನ್ನು ತಿರುಗಿಸಿ ಮುರುಗಿಸಿ ನೋಡಿ, ನಿಮ್ಮ ಗುಮಾಸ್ತನ ಬೀಗರು ಇದರಲ್ಲೇ ಇದ್ದಾರಾ ಇನ್ನೂ, ಎಂದು ನಗುತ್ತಿದ್ದಾಳೆ, ಸೆಲ್ಲು ಸತ್ತು ಯಾವುದೋ ಕಾಲವಾಗಿದೆ, ಬೀಗರೂ ಹೋದರು.

ಸಿಕ್ಕಿತು. ಮೂರನೇ ಸಾಲು, ಫ್ಯಾನುಗಳ ಡಬ್ಬದ ಹಿಂದೆ, ನಾನೇ ಬಟ್ಟೆ ಸುತ್ತಿ ಇಟ್ಟದ್ದು, ಸುತ್ತಿದ ಗಂಟೂ ನನ್ನದೇ — ವಿಡಿಯೋ ಕ್ಯಾಮೆರಾ, ಕರಿಯದು, ಒಂದು ಇಟ್ಟಿಗೆಯಷ್ಟು ತೂಕ, ಬಲಗೈಯನ್ನು ಪಟ್ಟಿಯೊಳಗೆ ತೂರಿಸಿದೆನೋ ಇಲ್ಲವೋ ಹೆಬ್ಬೆರಳು ತಾನಾಗಿಯೇ ಕೆಂಪು ಗುಂಡಿಯ ಮೇಲೆ ಹೋಗಿ ಕೂತಿತು, ಎಂಟು ವರ್ಷ ಅಲ್ಲೇ ಇದ್ದ ಹೆಬ್ಬೆರಳು, ದಾರಿ ಮರೆಯುತ್ತದೆಯೇ. ನೋಡಿ ಸಾರ್, ಹಿಡ್ಕೊಳ್ಳಿ, ಪರವಾಗಿಲ್ಲ ಬೀಳಲ್ಲ, ಈ ಕಡೆ ಒತ್ತಿದ್ರೆ ಹತ್ರ, ಆ ಕಡೆ ಒತ್ತಿದ್ರೆ ದೂರ, ಅಮ್ಮಾವ್ರನ್ನ ನೋಡಿ ಅಲ್ಲಿ ಟಿವಿಯಲ್ಲಿ, ಎಷ್ಟು ಚೆನ್ನಾಗಿ ಬಂದಿದ್ದಾರೆ — ಅಷ್ಟೇ, ಅಮ್ಮಾವ್ರು ಟಿವಿಯ ಕಡೆ ತಿರುಗುತ್ತಾರೆ, ಪರದೆಯಲ್ಲಿ ಬೆನ್ನು ಕಾಣುತ್ತದೆ, ಮುಖ ಎಲ್ಲಿ ಎಂದು ಕ್ಯಾಮೆರಾದ ಕಡೆ ತಿರುಗುತ್ತಾರೆ, ಈಗ ಮುಖ ಪರದೆಯಲ್ಲಿದೆ, ಆದರೆ ನೋಡಲು ಅವರಿಗೆ ಬೆನ್ನಲ್ಲಿ ಕಣ್ಣಿಲ್ಲ, ಎಲ್ಲರೂ ಹಾಗೇ ಬುಗುರಿಯಂತೆ ಸುತ್ತಿದವರೇ. ಯಜಮಾನರದು ಒಂದೇ ಕಟ್ಟಳೆ, ಡೆಮೋ ಪೀಸಿಗೆ ಕ್ಯಾಸೆಟ್ ಹಾಕಬಾರದು, ಸವೆಯುತ್ತದೆ, ಚಿತ್ರ ವೈರಿನಲ್ಲಿ ನೇರ ಟಿವಿಗೆ ಹೋಗಲಿ ಸಾಕು, ಹಾಗಾಗಿ ಇದರ ಕಣ್ಣ ಮುಂದೆ ಅರ್ಧ ಊರು ಹಾದುಹೋಯಿತು, ಇದು ಒಬ್ಬರನ್ನೂ ಇಟ್ಟುಕೊಳ್ಳಲಿಲ್ಲ. ಅಯ್ಯೋ ಅದನ್ನಾ ತಗೊಳ್ತೀರಾ, ಕ್ಯಾಷಿಯರಮ್ಮ ತಲೆಯೆತ್ತಿದ್ದಾಳೆ, ಫೋನಲ್ಲೇ ಎಲ್ಲ ಇದೆಯಲ್ಲ ಈಗ, ಅದಕ್ಕೆ ಕ್ಯಾಸೆಟ್ಟೂ ಸಿಗಲ್ಲ, ತೂಕ ಬೇರೆ. ಎಲ್ಲ ಇದೆ ಮಹಾರಾಯ್ತಿ, ಟೇಪ್ ಪ್ಲೇಯರು, ಡೈರಿ, ಕ್ಯಾಮೆರಾ, ಗಡಿಯಾರ, ಎಲ್ಲ ನನ್ನ ಜೇಬಲ್ಲೇ ಬಿದ್ದಿದೆ, ಮಗಳು ದಿನಕ್ಕೆ ಹತ್ತು ವಿಡಿಯೋ ಕಳಿಸುತ್ತಾಳೆ, ಮೊಮ್ಮಗು ತಿಂದದ್ದು, ಮೊಮ್ಮಗು ಉಗಿದದ್ದು, ಪ್ರೀತಿಯಿಂದಲೇ ನೋಡುತ್ತೇನೆ, ಒಂದು ಸಲ. ಬೇಕು ಬೇಕು ಎನ್ನುವಾಗ ಸಿಗದೆ, ಬೇಡವಾದಾಗ ಎಲ್ಲ ಒಟ್ಟಿಗೆ ಬಂದು ಜೇಬಿಗೆ ಬಿದ್ದರೆ ಅದನ್ನು ಸಿಕ್ಕಿತು ಅನ್ನುತ್ತಾರೆಯೇ.

ಅಪ್ಪ ಅಂಗಡಿಗೆ ಬಂದದ್ದು ಒಂದೇ ಸಲ. ಯಜಮಾನರಿಗೆ ಹೊಲಿದ ಕೋಟನ್ನು ಕೊಟ್ಟುಹೋಗಲು, ಹಳೆಯ ಪತ್ರಿಕೆಯಲ್ಲಿ ಸುತ್ತಿ ಎರಡು ಕೈಯಲ್ಲಿ ಮಗುವಿನ ಹಾಗೆ ಎತ್ತಿಕೊಂಡು ಬಂದಿದ್ದ, ತಾನೂ ತನ್ನ ಕಂದು ಕೋಟು ಹಾಕಿಕೊಂಡಿದ್ದ, ಮಗಳು ಕೆಲಸ ಮಾಡೋ ಜಾಗ ಅಲ್ವಾ. ಆಗ ಆ ಗೋಡೆಯ ತುಂಬ ಟಿವಿಗಳು, ನಾಲ್ಕರ ಮೂರು ಸಾಲು, ಹನ್ನೆರಡು, ಎಲ್ಲದಕ್ಕೂ ನನ್ನ ಕ್ಯಾಮೆರಾದ್ದೇ ಚಿತ್ರ. ಅಪ್ಪ ಗೋಡೆಗೆ ಮುಖಮಾಡಿ ನಿಂತ, ನಾನು ಹಿಂದಿನಿಂದ ಹಿಡಿದೆ. ಎಲ್ಲರ ಹಾಗೆ ಈಗ ತಿರುಗುತ್ತಾನೆ ಅಂದುಕೊಂಡೆ. ತಿರುಗಲಿಲ್ಲ. ಏ, ಇದು ನನ್ನ ಬೆನ್ನೇನೇ? ಹೂಂ ಅಪ್ಪ, ಈ ಕಡೆ ತಿರುಗು, ಮುಖ ಬರುತ್ತೆ. ಮುಖ ಬಿಡು, ಮುಖ ದಿನಾ ಕನ್ನಡೀಲಿ ನೋಡ್ತೀನಿ, ಬೆನ್ನು ತೋರ್ಸು. ನಲವತ್ತು ವರ್ಷ ಊರವರ ಬೆನ್ನು ಅಳೆದವನು, ಯಾರ ಎರಡು ಭುಜವೂ ಸಮ ಇರಲ್ಲ ಮಗಳೇ, ಇಳಿದ ಕಡೆ ಒಂದು ಪದರ ಹತ್ತಿ ಜಾಸ್ತಿ ಇಡಬೇಕು, ಇಟ್ಟಿದ್ದನ್ನ ಹೇಳಬಾರದು, ಅನ್ನುತ್ತಿದ್ದವನು, ತನ್ನ ಬೆನ್ನನ್ನು ಮೊದಲ ಸಲ ನೋಡುತ್ತಿದ್ದ. ಒಂದು ಟಿವಿಯಲ್ಲಿ ಕೋಟು ನೀಲಿಗೆ ತಿರುಗಿತ್ತು, ಒಂದರಲ್ಲಿ ಕೆಂಪಿಗೆ, ಕೆಳಗಿನ ಸಾಲಿನದೊಂದರಲ್ಲಿ ಹಸಿರು. ಇದರಲ್ಲಿ ನನ್ನ ಬಟ್ಟೆಯ ನಿಜವಾದ ಬಣ್ಣ ಯಾವುದೇ? ಮೇಲಿನ ಸಾಲು ಎರಡನೇದು ಅಪ್ಪ. ಅದನ್ನೇ ದಿಟ್ಟಿಸಿದ, ಆಮೇಲೆ ಮೆಲ್ಲಗೆ, ನನಗಲ್ಲ, ಅದಕ್ಕೆ ಅನ್ನುವಂತೆ, ಎಡಭುಜ ಇಷ್ಟು ಇಳಿದಿದ್ಯಾ ನಂದು, ಇಷ್ಟು ವರ್ಷ ಒಬ್ಬರೂ ಹೇಳ್ಲಿಲ್ವಲ್ಲ, ಅಂದ, ಅಂದು ಬಲಗೈ ಹಿಂದಕ್ಕೆ ತಂದು ಎದ್ದಿದ್ದ ಕಾಲರನ್ನು ಒಮ್ಮೆ ಒತ್ತಿ, ಎಡಭುಜದ ತನಕ ಸವರಿದ, ಹನ್ನೆರಡು ಕೈ, ಹನ್ನೆರಡು ಬಣ್ಣದಲ್ಲಿ, ಒಟ್ಟಿಗೆ.

ಕ್ಯಾಸೆಟ್ ಇರಲಿಲ್ಲ. ಅವತ್ತೇ ತೀರ್ಮಾನಿಸಿದೆ, ಒಂದು ಕ್ಯಾಮೆರಾ ನನಗೆ. ಅದುವರೆಗೆ ಏನನ್ನೂ ಕೊಂಡವಳಲ್ಲ, ಬೆಲೆ ನಮ್ಮ ಮಟ್ಟದ್ದಲ್ಲ ಎನ್ನುವುದು ಒಂದು, ಮಾರುವವಳು ಆಸೆಪಟ್ಟು ಕೊಂಡರೆ ಸೋತಂತೆ ಎನ್ನುವ ಬಿಗುಮಾನ ಇನ್ನೊಂದು, ಆದರೆ ಇದು ಆಸೆಯಲ್ಲ, ಕೆಲಸ — ಅಪ್ಪ ಬಟ್ಟೆಯ ಮೇಲೆ ಸೀಮೆಸುಣ್ಣ ಎಳೆಯುವುದು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವುದು, ಅದೆಲ್ಲ ಹಿಡಿದಿಡಬೇಕು. ಆರು ತಿಂಗಳಿಗೆ ಹಣವೆಲ್ಲ ಹೊಂದಿಸಿದೆ, ಬಂದ ಸರಕಿನಲ್ಲಿ ಒಂದು ಡಬ್ಬ ಕೌಂಟರಿನ ಕೆಳಗೆ ಇಟ್ಟುಕೊಂಡೆ, ಶನಿವಾರ ಮನೆಗೆ ಒಯ್ಯುವುದು. ಶುಕ್ರವಾರ ಮಧ್ಯಾಹ್ನ ಒಬ್ಬ ಮೆಕ್ಯಾನಿಕ್ ಬಂದ, ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸು, ಜೊತೆಗೆ ತುಂಬು ಬಸುರಿ ಹೆಂಡತಿ, ಇಸ್ತ್ರಿಪೆಟ್ಟಿಗೆ ನೋಡಲು ಬಂದವರು, ಅವನ ಎರಡನೇ ನೋಟ ಎಲ್ಲಿಗೆ ಹೋಯಿತೆಂದು ನಾನು ನೋಡಿಬಿಟ್ಟೆ. ನೋಡದೆ ಇರಬಹುದಿತ್ತು. ನನ್ನ ನಾಲಗೆ ನನಗಿಂತ ಮೊದಲೇ ಶುರುಮಾಡಿತ್ತು, ಹಿಡ್ಕೊಳ್ಳಿ, ಪರವಾಗಿಲ್ಲ ಬೀಳಲ್ಲ — ಅವನು ಹೆಂಡತಿಯ ಹೊಟ್ಟೆಯ ಕಡೆ ಹಿಡಿದ, ಗೋಡೆಯ ತುಂಬ ಹೊಟ್ಟೆ, ಅವಳು ನಾಚಿ ಸೆರಗೆಳೆದುಕೊಂಡು ನಕ್ಕಳು, ಅವನು ಕ್ಯಾಮೆರಾ ಕೆಳಗಿಡಲಿಲ್ಲ, ಇದೆಯಾ ಮೇಡಂ, ಹೊಸದು, ಈಗಲೇ? ಕಪಾಟಿನಲ್ಲಿ ಖಾಲಿ. ಇಲ್ಲ ಅನ್ನಬೇಕಿತ್ತು, ಮುಂದಿನ ತಿಂಗಳು ಬನ್ನಿ ಅನ್ನಬೇಕಿತ್ತು. ಅಂಥ ಮುಖವನ್ನು ನಾನು ಒಂದು ಸಲವೂ ಬರಿಗೈಯಲ್ಲಿ ಕಳಿಸಿದವಳಲ್ಲ, ಬಗ್ಗಿ, ನನ್ನ ಡಬ್ಬವನ್ನು ಎತ್ತಿ ಗಾಜಿನ ಮೇಲೆ ಇಟ್ಟೆ. ಮನೆಯಲ್ಲಿ ನನ್ನ ಗಂಡ, ಇವರು, ಕೇಳಿ ತಲೆ ಚಚ್ಚಿಕೊಂಡರು, ನಿಂದನ್ನೇ ಮಾರಿಬಿಟ್ಯಾ, ಒಂದು ದಿನ ನಿನ್ನನ್ನೇ ಡಬ್ಬಕ್ಕೆ ಹಾಕಿ ಮಾರಿಬಿಡ್ತೀಯ ಬಿಡು. ನಾನೂ ನಕ್ಕೆ. ಮುಂದಿನ ಸರಕಿಗೆ ಇನ್ನೊಂದು ತಗೊಂಡರಾಯಿತು. ಮೂರನೇ ವಾರ ಅಪ್ಪ ಕತ್ತರಿ ಕೈಯಲ್ಲಿದ್ದ ಹಾಗೇ ಮೇಜಿನ ಮೇಲೆ ತಲೆಯಿಟ್ಟ, ಏಳಲಿಲ್ಲ, ಮುಂದಿನ ಸರಕು ಬಂದಾಗ ಡಬ್ಬಗಳನ್ನು ಎಣಿಸಿ ಒಳಗಿಟ್ಟೆ, ಎಲ್ಲವನ್ನೂ ಮಾರಿದೆ. ವರ್ಷ ಕಳೆದು ಆ ಮೆಕ್ಯಾನಿಕ್ ಬ್ಯಾಟರಿ ಕೇಳಿಕೊಂಡು ಬಂದಿದ್ದ, ಮಗಳು ಬರೀ ಮಲಗಿರೋದೇ ಇದೆ ಮೇಡಂ ಅದ್ರಲ್ಲಿ, ಎದ್ದಿದ್ರೆ ಕ್ಯಾಮೆರಾ ಹಿಡಿಯೋಕೆ ಬಿಡಲ್ಲ ಕಳ್ಳಿ, ಅಂದ, ಆ ಮುಖ ನೋಡಿ ನನ್ನೊಳಗೆ ಏನೋ ಸಮಾಧಾನವಾಯಿತು, ಸುಳ್ಳೇಕೆ, ಇನ್ನೇನೋ ಆಯಿತು ಕೂಡ. ಮತ್ತೆ ಅದೇ ಶುಕ್ರವಾರ ಬಂದರೆ ಮತ್ತೆ ಮಾರುತ್ತೇನೆ, ಅಷ್ಟು ನನಗೆ ನನ್ನ ಮೇಲೆ ನಂಬಿಕೆಯಿದೆ, ಅಪ್ಪನ ಆ ಕೈ ಹಿಂದಕ್ಕೆ ಬಂದು ಕಾಲರನ್ನು ಒತ್ತಿದ್ದು ಹೀಗೋ ಹಾಗೋ, ಹೆಬ್ಬೆರಳು ಒಳಗಿತ್ತೋ ಹೊರಗೋ, ಅದೊಂದನ್ನು ಮಾತ್ರ ಇಷ್ಟು ವರ್ಷ ನೆನಪಿನಲ್ಲೇ ಮತ್ತೆ ಮತ್ತೆ ಓಡಿಸಿ ಸವೆಸಿದ್ದೇನೆ.

ಕೊಡು ಆ ವೈರು, ವಾರಂಟಿ, ಹಳದಿಯದು, ಅದಲ್ಲ ಇದು, ಹತ್ತೊಂಬತ್ತು ವರ್ಷವಾಯಿತು ಹಳದಿ ಎಲ್ಲಿಗೆ ಹಾಕಬೇಕೆಂದು ಇನ್ನೂ ಗೊತ್ತಿಲ್ಲ ಇವನಿಗೆ. ಕೆಲಸ ಮಾಡುತ್ತಾ ಮೇಡಂ ಇದು, ವಾರಂಟಿ ಎಂದೋ ಮುಗಿದಿದೆ. ನನ್ನ ವಾರಂಟಿನೂ ಮುಗಿದಿದೆ ಕಣಪ್ಪ, ಕೆಲಸ ಮಾಡ್ತಿಲ್ವಾ, ಹಾಕು. ಮಾರದೆ ಉಳಿದ ಒಂದೇ ಒಂದು ದಪ್ಪ ಟಿವಿ, ಅಡಾಪ್ಟರು ಬೆಚ್ಚಗಾಗುತ್ತಿದೆ, ಕ್ಯಾಮೆರಾವನ್ನು ಟಿವಿಯ ಕಡೆ ಮುಖಮಾಡಿ ಮುಕ್ಕಾಲಿಯ ಮೇಲೆ ಕೂರಿಸಿದ್ದೇನೆ, ಕೆಂಪು ದೀಪ, ಹತ್ತಿತು, ಭೇಷ್. ಟಿವಿಯ ಗುಂಡಿ ನಾನೇ ತಿರುಗಿಸಬೇಕು, ಹೋಗಿ ಬಗ್ಗಿದ್ದೇನೆ, ಮೊದಲು ಪರದೆಯ ತುಂಬ ಬರೀ ಇರುವೆಗಳಂಥ ಚುಕ್ಕಿಗಳು, ಆಮೇಲೆ ಗೆರೆ, ಆಮೇಲೆ ನಿಧಾನಕ್ಕೆ ಗೋಡೌನು, ಡಬ್ಬಗಳು, ಕ್ಯಾಷಿಯರಮ್ಮನ ಚಾಚಿದ ಕಾಲು, ನಡುವೆ ಯಾರೋ ನೆಟ್ಟಗಾಗುತ್ತಿದ್ದಾರೆ, ನನಗೆ ಬೆನ್ನು ಹಾಕಿ, ಅಂಗಡಿಯ ಬೂದು ಕೋಟು, ಯಾರದು ಈ ವಯಸ್ಸಾದವರು — ತಿರುಗಬೇಡ, ಮುಖ ಬಿಡು — ಹೊಲಿಗೆ ನೇರ ಇದೆ, ಕಾಲರು ಎದ್ದಿದೆ, ಎಡಭುಜ, ಇಷ್ಟು ಇಳಿದಿದೆಯಾ, ಯಾರೂ ಹೇಳಲಿಲ್ಲವಲ್ಲ, ಮೇಡಂ ಏನಾಯ್ತು ಅನ್ನುತ್ತಿದ್ದಾಳೆ ಕ್ಯಾಷಿಯರಮ್ಮ, ಏನಿಲ್ಲ, ಇದೇ ನನಗೆ, ಇದನ್ನೇ ಒಯ್ಯುತ್ತೇನೆ, ಸ್ವಲ್ಪ ಸುಮ್ಮನಿರಿ, ಬಣ್ಣ ಸರಿಯಾಗಿದೆ, ಮೇಲಿನ ಸಾಲು ಎರಡನೇದರ ಹಾಗೇ, ಬಲಗೈ ಏಳುತ್ತಿದೆ, ನಾನು ಎತ್ತಲಿಲ್ಲ, ಏಳುತ್ತಿದೆ, ಹಿಂದಕ್ಕೆ, ಹೆಬ್ಬೆರಳು ಒಳಗೆ, ಒಳಗೇ ಇತ್ತು, ಕಾಲರಿನ ಮೇಲೆ ಆ ಕೈ, ಅಪ್ಪನ ಕೈ, ಒತ್ತಿ, ಭುಜದ ತನಕ, ಆ ಕೈ —