ಗೋಡೆಗೆ ಮುಖ ಮಾಡಿ ಕೂಗಿದ ಹೆಸರು

"ಇದು ಯಾರಿಗೆ?"

ಬೇಟೆ ತಂಡದ ಯಜಮಾನ ಬರ್ಟಿಲ್ ಬೂಟುಗಾಲಿನಿಂದ ನೆಲ ತಟ್ಟಿ ಕೇಳಿದ. ತೂರಾ ಶೆಡ್ಡಿನ ಹಲಗೆ ಗೋಡೆಗೆ ಮುಖ ಮಾಡಿ, ಎಲ್ಲರಿಗೂ ಬೆನ್ನು ಕೊಟ್ಟು ನಿಂತಿದ್ದಳು. ಹಿಂದೆ ನೆಲಕ್ಕೆ ಹಾಸಿದ ಪ್ಲಾಸ್ಟಿಕ್ಕಿನ ಮೇಲೆ ಮೂಸ್ ಕಡವೆಯ ಮಾಂಸದ ಗುಡ್ಡೆಗಳಿದ್ದವು. ಅವಳಿಗೆ ಕಾಣುತ್ತಿದ್ದುದು ಹಲಗೆಯ ಗಂಟು ಮಾತ್ರ.

"ಲೆನ್ನಾರ್ಟ್‌ಗೆ," ಎಂದಳು.

ಲೆನ್ನಾರ್ಟ್ ತನ್ನ ಟಬ್ಬನ್ನು ದರದರ ಎಳೆದುಕೊಂಡು ಬಂದ. "ಈ ಸಲನೂ ಬರೀ ಮೂಳೇನೇ ಬಂತಲ್ಲಪ್ಪ."

"ಬರ್ಲಿ ಬಿಡು. ನಿನ್ನ ಕೊಟ್ಟಿಗೆ ತುಂಬ ಬಾಡಿಗೆಯವ್ರಿದಾರೆ, ಕಡೀತಾರೆ," ಎಂದಳು ಸೀವ್. ಒಂದಿಬ್ಬರು ನಕ್ಕರು. ತೂರಾ ನಗಲಿಲ್ಲ. ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡಳು.

ಈ ಊರಲ್ಲಿ ಬೇಟೆಯ ಪಾಲು ಹಂಚುವುದು ತಾತಂದಿರ ಕಾಲದಿಂದಲೂ ಹೀಗೇ. ಹೆಸರು ಕೂಗುವವರು ಮೊದಲೇ ಗೋಡೆಯತ್ತ ತಿರುಗಿ ನಿಲ್ಲಬೇಕು. ಆಮೇಲೆ ತಂಡದ ಯಜಮಾನ ಗುಡ್ಡೆ ಹಾಕಿ, ಒಂದೊಂದರ ಪಕ್ಕ ಕಾಲಿಟ್ಟು ಕೇಳುತ್ತಾನೆ. ನೋಡುವವನು ಹೆಸರು ಹೇಳುವಂತಿಲ್ಲ, ಹೇಳುವವಳು ನೋಡುವಂತಿಲ್ಲ. ಹಾಗಾಗಿ ನನ್ನ ಪಾಲು ಸಣ್ಣದಾಯಿತೆಂದು ಯಾರೂ ಯಾರ ಮೇಲೂ ಮುನಿಸಿಕೊಂಡದ್ದಿಲ್ಲ. ಅಪ್ಪ ತೀರಿಕೊಂಡ ಮೇಲೆ ಕೂಗುವ ಕೆಲಸ ತೂರಾಳದಾಗಿತ್ತು. ಪ್ರತಿ ವರ್ಷವೂ ಅವಳ ಬಾಯಿಗೆ ಮೊದಲು ಬರುತ್ತಿದ್ದದ್ದು ತಮ್ಮ ಹೆನ್ನಿಂಗನ ಹೆಸರು. ಈ ಸಲ ಬರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಹೆನ್ನಿಂಗ್ ಅದನ್ನು ಗಮನಿಸಿದನೋ ಇಲ್ಲವೋ, ಅವಳಿಗೆ ಗೊತ್ತಾಗುವಂತಿರಲಿಲ್ಲ.

ನದಿಯ ಕೆಳದಂಡೆಯಲ್ಲಿ ಬ್ಯಾಟರಿ ಕಾರ್ಖಾನೆ ಏಳುವ ತನಕ ಇದು ಮಕ್ಕಳಿಲ್ಲದೆ ಶಾಲೆ ಮುಚ್ಚಿಕೊಂಡ ಊರು. ಈಗ ನೋಡಿದರೆ ಎಲ್ಲೆಲ್ಲಿಂದಲೋ ಬಂದ ಜನ, ಮಲಗಲು ಜಾಗವಿಲ್ಲ. ಲೆನ್ನಾರ್ಟ್ ಹಸುಗಳನ್ನು ಮಾರಿ ಕೊಟ್ಟಿಗೆಯಲ್ಲಿ ಮಂಚ ಹಾಕಿಸಿದ. ಮೊಮ್ಮಕ್ಕಳನ್ನು ಆಡಿಸಿಕೊಂಡಿರಬೇಕಾದ ವಯಸ್ಸಿನಲ್ಲಿ ಸೀವ್ ಕಾರ್ಖಾನೆಯ ಬಸ್ಸು ಓಡಿಸುತ್ತಾಳೆ. ಬರ್ಟಿಲ್‌ನ ಗುಡ್ಡ ಜಲ್ಲಿಯಾಗಿ ಹೊಸ ರಸ್ತೆಗೆ ಹೋಯಿತು. ಕಾರ್ಖಾನೆಯನ್ನು ಬೈಯುತ್ತಲೇ ಎಲ್ಲರೂ ಒಂದಿಷ್ಟು ಗಿಟ್ಟಿಸಿಕೊಂಡರು. ಹೆನ್ನಿಂಗ್ ಬೈಯಲಿಲ್ಲ, ಅಷ್ಟೇ. ತನ್ನ ಪಾಲಿನ ಕಾಡನ್ನು ಕೆಲಸಗಾರರ ಮನೆಗಳಿಗೆಂದು ಮಾರಿ, ಕಾರ್ಖಾನೆಯ ಗೇಟಿನ ಎದುರು ಊಟದ ಹೋಟೆಲು ತೆಗೆದ. ಅಕ್ಕನಿಗೆ ಸುದ್ದಿ ಮುಟ್ಟಿಸಿದ್ದು ಮರ ಕೊಯ್ಯುವ ಯಂತ್ರದ ಸದ್ದು.

"ಅಪ್ಪ ನೆಟ್ಟ ಮರ ಕಣೋ ಅದು!" ಎಂದು ಅವತ್ತು ಅವಳು ಕೂಗಾಡಿದ್ದಳು.

"ಕಡೀಲಿ ಅಂತ ತಾನೇ ನೆಟ್ಟಿದ್ದು? ಇಷ್ಟು ವರ್ಷ ಆ ಕಾಡು ನಂಗೇನು ಕೊಡ್ತು ಹೇಳಕ್ಕಾ, ಸೊಳ್ಳೆ ಬಿಟ್ರೆ?"

ಕಾಡಿಲ್ಲದವನಿಗೆ ಬೇಟೆಯ ತಂಡದಲ್ಲಿ ಜಾಗವಿಲ್ಲ. ಇದು ಎಲ್ಲರಿಗೂ ಗೊತ್ತಿದ್ದ ನಿಯಮ. ಆದರೂ ಈ ಸಲ ಬೇಟೆಯ ಮೊದಲ ಬೆಳಿಗ್ಗೆ ಹೆನ್ನಿಂಗ್ ಬಂದೂಕಿನ ಜೊತೆ ತನ್ನ ಹೋಟೆಲಿನ ಬಿಸಿ ಏಲಕ್ಕಿ ಬನ್ನುಗಳನ್ನೂ ಹಿಡಿದು ಬಂದ. ಎಲ್ಲರೂ ಬನ್ನು ತಿಂದರು, ಒಬ್ಬರೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟು ಹೇಳುವುದೆಂದರೆ ನಮ್ಮ ಜನಕ್ಕೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಬರ್ಟಿಲ್ ಅವನನ್ನು ಜೌಗಿನ ಅಂಚಿಗೆ ಕಳಿಸಿದ. ಅಲ್ಲಿ ಪ್ರಾಣಿ ಸುಳಿದು ಎಷ್ಟೋ ವರ್ಷಗಳಾಗಿದ್ದವು. ಆದರೆ ರಸ್ತೆಗೆಂದು ಬಂಡೆ ಸಿಡಿಸಿ ಸಿಡಿಸಿ ಮೂಸ್‌ಗಳು ಹಳೆಯ ದಾರಿ ಬಿಟ್ಟಿದ್ದವು. ದೊಡ್ಡದೊಂದು ಗಂಡು ನೇರ ಹೆನ್ನಿಂಗನ ಮುಂದೆಯೇ ಬಂತು. ಒಂದೇ ಗುಂಡು. ಕೆಸರಲ್ಲಿ ಬಿದ್ದು ಎದ್ದು ಓಡಿ ಬಂದವನು ಬರ್ಟಿಲ್‌ನನ್ನು ತಬ್ಬಿಕೊಂಡೇ ಬಿಟ್ಟ.

ಅವತ್ತು ಸಂಜೆ ಹೆನ್ನಿಂಗ್ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಬರ್ಟಿಲ್‌ನ ಅಡುಗೆಮನೆಯಲ್ಲಿ ಸೇರಿದರು.

"ಕಾಡಿಲ್ಲದೋರು ಒಬ್ರಿಗೆ ಪಾಲು ಕೊಟ್ರೆ ಮುಗೀತು. ನಾಳೆ ಕಾರ್ಖಾನೆ ಮ್ಯಾನೇಜರ್ರೂ ಬಂದೂಕು ಹಿಡ್ಕೊಂಡು ಬರ್ತಾನೆ," ಎಂದ ಯಾಲ್ಮಾರ್. ತಂಡದಲ್ಲಿ ಅವನೇ ಹಿರಿಯ.

"ಹೊಡೆದಿದ್ದೇ ಅವನು ಕಣ್ರಪ್ಪ," ಎಂದಳು ಸೀವ್.

ಕಾಫಿ ಆರುತ್ತಿತ್ತು. ಎಲ್ಲರೂ ತೂರಾಳ ಮುಖ ನೋಡಿದರು.

"ನನ್ನೇನು ನೋಡ್ತೀರಿ? ಕಾಡು ಮಾರ್ಕೊಂಡೋನಿಗೆ ಪಾಲಿಲ್ಲ. ಐದೇ ಗುಡ್ಡೆ ಹಾಕಿ. ಅವನಿಗೆ ನಾನೇ ಹೇಳ್ತೀನಿ."

ಎಲ್ಲರಿಗೂ ಉಸಿರು ಬಂದಂತಾಯಿತು. ಬರ್ಟಿಲ್ ಎದ್ದು ಮತ್ತೆ ಕಾಫಿಗಿಟ್ಟ.

ಹೇಳಬೇಕೆಂದೇ ಮರುದಿನ ಅವಳು ಹೆನ್ನಿಂಗನ ಹೋಟೆಲಿಗೆ ಹೋದಳು. ಮಧ್ಯಾಹ್ನದ ಹೊತ್ತು, ಸಾಲು ಬಾಗಿಲಾಚೆಗೂ ಹೋಗಿತ್ತು. ಹೆನ್ನಿಂಗ್ ಮೂರು ಭಾಷೆಗಳನ್ನು ಹರುಕುಮುರುಕಾಗಿ ಆಡುತ್ತ, ಎಲ್ಲರನ್ನೂ ನಗಿಸುತ್ತ ಬಡಿಸುತ್ತಿದ್ದ. ಅವನನ್ನು ಅಷ್ಟು ಖುಷಿಯಾಗಿ ಅವಳು ನೋಡಿಯೇ ಇರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಶನಿವಾರ ಹೋಟ್ಲು ಬಾಗಿಲು ಹಾಕ್ತೀನಿ ಅಕ್ಕಾ," ಎಂದ ಅವಳ ತಟ್ಟೆಗೆ ಆಲೂಗಡ್ಡೆ ಹಾಕುತ್ತ. "ಪಾಲು ಹಂಚೋ ದಿನ, ರಜೆ ಅಂತ ಬೋರ್ಡ್ ಬರೆದಿದೀನಿ. ಇವ್ರಿಗೆ ಅದೇನು ಅರ್ಥ ಆಗುತ್ತೋ!"

ತೂರಾ ತಟ್ಟೆಯಲ್ಲಿದ್ದದ್ದನ್ನು ಅರ್ಧ ತಿಂದು, ಅರ್ಧ ಬಿಟ್ಟು ಎದ್ದು ಬಂದಳು. ನಾಳೆ ಹೇಳಿದರಾಯಿತು ಅಂದುಕೊಂಡಳು. ಆ ನಾಳೆ ಬರಲಿಲ್ಲ. ಶನಿವಾರ ಎಲ್ಲರಿಗಿಂತ ಮೊದಲು ಶೆಡ್ಡಿಗೆ ಬಂದು, ತಮ್ಮನ ಕಣ್ಣಿಗೆ ಕಣ್ಣು ಕೊಡಬೇಕಾಗದಂತೆ ಆಗಲೇ ಗೋಡೆಯತ್ತ ತಿರುಗಿ ನಿಂತಳು.

"ಇದು ಯಾರಿಗೆ?"

"ಸೀವ್‌ಗೆ."

"ಇದು?"

"ಯಾಲ್ಮಾರ್‌ಗೆ."

 ಹಿಂದೆ ಟಬ್ಬು ಎಳೆಯುವ ಸದ್ದು ಮಾತ್ರ. ಬೇಗ ಮುಗಿಯಲಿ, ಬೇಗ ಮುಗಿಯಲಿ ಎಂದುಕೊಳ್ಳುತ್ತ ಹಲಗೆಯ ಗಂಟನ್ನೇ ನೋಡುತ್ತಿದ್ದಳು.

"ಬರ್ಟಿಲ್, ನಿನಗೆ." ಮುಂದಿನ ಪ್ರಶ್ನೆಗೂ ಕಾಯದೆ ಸೇರಿಸಿದಳು, "ಕೊನೇದು ನನಗೆ. ಮುಗೀತಲ್ಲ."

ತಿರುಗಿದಳು.

ಮುಗಿದಿರಲಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ಅವಳ ಪಾಲಿನ ಪಕ್ಕದಲ್ಲೇ ಇನ್ನೊಂದು ಗುಡ್ಡೆಯಿತ್ತು, ಉಳಿದವುಗಳಷ್ಟೇ ದೊಡ್ಡದು. ಐವರ ಹೆಸರಾಗಿತ್ತು, ಗುಡ್ಡೆ ಆರು.

ಬರ್ಟಿಲ್ ಅವಳ ಮುಖ ನೋಡದೆ, ಅವಳಿಗಷ್ಟೇ ಕೇಳುವಂತೆ ಪಿಸುಗುಟ್ಟಿದ. "ಬೆಳಿಗ್ಗೆ ಐದೇ ಗುಡ್ಡೆ ಹಾಕೋಕೆ ಕೈ ಬರ್ಲಿಲ್ಲ, ತೂರಾ. ಇವ್ರೂ ಯಾರೂ ಒಪ್ಪಲಿಲ್ಲ. ನಿನಗೆ ಹೇಳೋಣ ಅಂದ್ರೆ, ಒಳಗೆ ಬರೋ ಹೊತ್ಗೆ ನೀನು ಗೋಡೆ ಕಡೆ ತಿರುಗಿಬಿಟ್ಟಿದ್ದೆ, ಅವನೂ ಜೊತೆಗಿದ್ದ. ಹೇಗೂ ನಿನ್ನ ಬಾಯಲ್ಲಿ ಅವನ ಹೆಸರು ಮೊದಲು ಬರುತ್ತೆ ಅಂದ್ಕೊಂಡ್ವಿ."

ಹೆನ್ನಿಂಗ್ ಹೊಸ ಬಿಳಿ ಟಬ್ಬು ಹಿಡಿದು ಬಾಗಿಲ ಹತ್ತಿರವೇ ನಿಂತಿದ್ದ. "ಏನಕ್ಕಾ, ನನ್ನ ಮರ್ತೇಬಿಟ್ಯಾ?" ಎಂದು ನಕ್ಕ. ನಗುತ್ತಲೇ ಸೀವ್‌ಳನ್ನು ನೋಡಿದ, ಲೆನ್ನಾರ್ಟ್‌ನನ್ನು ನೋಡಿದ. ಯಾರೂ ನಗಲಿಲ್ಲ. ಯಾಲ್ಮಾರ್ ಬಗ್ಗಿ ತನ್ನ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟತೊಡಗಿದ. ಹೆನ್ನಿಂಗನ ನಗು ಅರ್ಧಕ್ಕೆ ನಿಂತಿತು. ಅವನು ಮತ್ತೆ ಅಕ್ಕನ ಕಡೆ ನೋಡಿದಾಗ, ಮರೆವಲ್ಲ ಎನ್ನುವುದು ಅವನಿಗೆ ತಿಳಿದಿತ್ತು.

ತೂರಾಳಿಗೆ ಏನಾದರೂ ಹೇಳಬೇಕೆನಿಸಿತು. ನಾಚಿಕೆಯಾಯಿತು. ಕಾಡು ಮಾರಿದ್ದಕ್ಕೆ, ಕೇಳದೆ ಮಾರಿದ್ದಕ್ಕೆ, ತಾನಿಲ್ಲದೆ ಅಷ್ಟು ಖುಷಿಯಾಗಿದ್ದದ್ದಕ್ಕೆ ಇಟ್ಟುಕೊಂಡಿದ್ದ ಸಿಟ್ಟನ್ನೆಲ್ಲ ಹುಡುಕಿದಳು. ಈಗ ಬೇಕಾದಾಗ ಅದೂ ಇರಲಿಲ್ಲ.

ಬರ್ಟಿಲ್ ಆರನೆಯ ಗುಡ್ಡೆಯ ಪಕ್ಕ ಕಾಲಿಟ್ಟ. ಮೂಸ್‌ನ ಪಾಲನ್ನು ಹೆಸರಿಲ್ಲದೆ ಎತ್ತುವಂತಿಲ್ಲ, ಕಣ್ಣಾರೆ ನೋಡಿಕೊಂಡು ಹೆಸರು ಹೇಳುವಂತೆಯೂ ಇಲ್ಲ. ಅವಳು ಮತ್ತೆ ಗೋಡೆಯತ್ತ ತಿರುಗಿದಳು.

"ಇದು ಯಾರಿಗೆ?" ಎಂದು ಅವನು ಮೆಲ್ಲಗೆ ಕೇಳಿದ.

"ಹೆನ್ನಿಂಗ್‌ಗೆ."

ಟಬ್ಬು ಎಳೆಯುವ ಸದ್ದಿಗಾಗಿ ಕಾದಳು. ಬರಲಿಲ್ಲ. ದನಿ ಸಣ್ಣದಾಯಿತೇನೋ ಎಂದುಕೊಂಡು, ಹಲಗೆಗೆ ಹಣೆ ತಾಗುವಷ್ಟು ಹತ್ತಿರ ನಿಂತು, ಇನ್ನೊಮ್ಮೆ ಕೂಗಿದಳು.