ಬಾಲ ಆಡಿಸಿದ ಟ್ರೇಲರ್

ನಿಮ್ಮ ಬೀದಿಯಲ್ಲೂ ಒಂದು ಇರಬಹುದು. ಯಾರದೋ ಮನೆಯ ಹಿಂದೆ, ಚಕ್ರ ಅರ್ಧ ಮಣ್ಣಲ್ಲಿ ಹೂತುಕೊಂಡು ಬಿದ್ದಿರುವ ಹಳೇ ಟ್ರೇಲರ್. ಪಕ್ಕಕ್ಕೆ ಗೋಡೆಯಿಲ್ಲ, ಮೇಲೆ ಚಾವಣಿಯಿಲ್ಲ, ಬರೀ ಚಪ್ಪಟೆ ಮೈ. ಬಿಸಾಡಲು ಮನಸ್ಸಿಲ್ಲ, ಬಳಸಲು ಧೈರ್ಯವಿಲ್ಲ.

ಗಾಡಿಯಣ್ಣನ ಹಿತ್ತಲಲ್ಲೂ ಅಂಥದ್ದೊಂದಿತ್ತು. ಸೋದರಮಾವ ಬಿಟ್ಟುಹೋಗಿದ್ದು. ಅದರ ಮೇಲೆ ಹೆಂಡತಿ ಬಟ್ಟೆ ಒಣಹಾಕುತ್ತಿದ್ದಳು. ಅದರ ಕೆಳಗೆ ಕೋಳಿ ಮೊಟ್ಟೆ ಇಡುತ್ತಿತ್ತು. ಮುಂದಿನ ದಂಡಕ್ಕೆ ಕುಂಬಳದ ಬಳ್ಳಿ ಹಬ್ಬಿತ್ತು. ಭಾರ ಹೊರುವುದೊಂದನ್ನು ಬಿಟ್ಟು ಆ ಟ್ರೇಲರ್ ಮಿಕ್ಕೆಲ್ಲ ಕೆಲಸ ಮಾಡುತ್ತಿತ್ತು.

ಗಾಡಿಯಣ್ಣ ಅಂದರೆ ಕೈಗಾಡಿ ಎಳೆಯುವವನು. ಅವನ ಅಪ್ಪನೂ ಅದೇ, ಅಜ್ಜನೂ ಅದೇ. ಬೀರು, ಮಂಚ, ಮರದ ದಿಮ್ಮಿ, ಏನು ಸಾಗಿಸಬೇಕಾದರೂ ಬೀದಿಯವರು ಅವನ ಬಾಗಿಲಿಗೇ ಬರುತ್ತಿದ್ದರು. ಈಚೆಗೆ ಅವನ ಮೊಣಕಾಲು ಮುಷ್ಕರ ಹೂಡಿತ್ತು. ಏರು ಕಂಡರೆ ಸಾಕು, ಕಾಲು ಅಲ್ಲೇ ಕೂತುಬಿಡುತ್ತಿತ್ತು. ಹೀಗೇ ಆದರೆ ಕೈಗಾಡಿಯನ್ನೂ ಹಿತ್ತಲಿಗೆ ತಳ್ಳಿ ಬಳ್ಳಿ ಹಬ್ಬಿಸಬೇಕಾಗುತ್ತದೆ ಎಂಬ ಚಿಂತೆ ಅವನಿಗೆ ಒಳಗೊಳಗೇ ಹತ್ತಿತ್ತು.

ಒಂದು ಬೆಳಗ್ಗೆ ಗಿರಣಿ ದೊಡ್ಡಮ್ಮ ಬಂದರು. ಬೀದಿಗೆಲ್ಲ ಹಿಟ್ಟು ಬೀಸಿಕೊಡುವವರು. ಸೀರೆ ಯಾವ ಬಣ್ಣದ್ದೇ ಇರಲಿ, ಅವರು ಉಟ್ಟರೆ ಬಿಳಿ.

“ಗಾಡಿಯಣ್ಣ, ನನ್ನ ಅಂಗಡಿ ಗೋಡೆ ಬಾಯಿ ಬಿಟ್ಟಿದೆ. ದಿಬ್ಬದಾಚೆ ಬೇರೆ ಅಂಗಡಿ ಸಿಕ್ಕಿದೆ. ಗಿರಣೀನ ಅಲ್ಲಿಗೆ ತಲುಪಿಸ್ತೀಯಾ?”

“ಅದಕ್ಕೇನಂತೆ ದೊಡ್ಡಮ್ಮ.”

“ಅದಕ್ಕೇನಂತೆ ಅನ್ನಬೇಡ. ಅದು ಬೀಡು ಕಬ್ಬಿಣದ್ದು. ಬಿದ್ದರೆ ಮಡಕೆ ಒಡೆದ ಹಾಗೆ ಒಡೆದುಹೋಗುತ್ತೆ. ಈಗ ಅಂಥದ್ದನ್ನ ಯಾರೂ ಮಾಡೋದಿಲ್ಲ. ಅದು ಹೋದರೆ ನನ್ನ ಅನ್ನವೂ ಹೋಯ್ತು ಅಂತ ತಿಳ್ಕೋ.”

ಗಾಡಿಯಣ್ಣ ತನ್ನ ಮೊಣಕಾಲನ್ನು ನೋಡಿಕೊಂಡ. ಆಮೇಲೆ ಹಿತ್ತಲ ಕಡೆ ನೋಡಿದ. ಅವನ ಮುಖ ಅರಳಿತು.

ಮಧ್ಯಾಹ್ನದ ಹೊತ್ತಿಗೆ ಬಳ್ಳಿ ಬಿಡಿಸಿ, ಕೋಳಿ ಓಡಿಸಿ, ನೀಲಿ ಬಣ್ಣದ ಡಬ್ಬಿ ತೆರೆದು ಕೂತಿದ್ದ. ಸಂಜೆಗೆ ಟ್ರೇಲರ್ ನೀಲಿ, ಅವನ ಕೈ ನೀಲಿ, ಕೋಳಿಯ ಬಾಲವೂ ನೀಲಿ.

“ಹೇಗಿದೆ?” ಅಂದ ಹೆಂಡತಿಗೆ.

“ಹಸೆಮಣೆ ಮೇಲೆ ಕೂರಿಸಬಹುದು,” ಅಂದಳು ಅವಳು. “ಭಾರ ಹೊರುತ್ತಾ ಅಂತ ನಿಮ್ಮ ತಂಗೀನ ಕೇಳೋಣ.”

“ಅವಳನ್ನ ಯಾಕೆ ಕರೀತೀಯ? ಬಂದರೆ ತಪ್ಪು ಹುಡುಕ್ತಾಳೆ.”

“ಅದಕ್ಕೇ ಕರೆಯೋದು.”

ತಂಗಿ ವೆಲ್ಡಿಂಗ್ ಶೆಡ್ ನಡೆಸುವವಳು. ಮುರಿದ ಗೇಟಿನಿಂದ ಹಿಡಿದು ಲಾರಿಯ ಚಾಸಿಯವರೆಗೂ ಅವಳ ಕೈಗೆ ಬರುತ್ತಿತ್ತು. ಮಾರನೇ ದಿನ ಅವಳು ತನ್ನ ಪಿಕಪ್‌ನಲ್ಲೇ ಬಂದಳು. ಕೈಯಲ್ಲಿ ಒಂದು ಸುತ್ತಿಗೆ. ಬಣ್ಣದ ಬಗ್ಗೆ ಒಂದು ಮಾತೂ ಆಡದೆ ಟ್ರೇಲರಿನ ಕೆಳಗೆ ನುಸುಳಿದಳು. ಅಲ್ಲಿಂದ ಸದ್ದು ಬಂತು. ಠಣ್. ಠಣ್. ಠಣ್. ಆಮೇಲೆ, ದಬ್.

“ಅಣ್ಣಾ, ಬಗ್ಗಿ ನೋಡು.”

ಗಾಡಿಯಣ್ಣ ಮೊಣಕಾಲನ್ನು ಬೈದುಕೊಂಡು ಬಗ್ಗಿದ. ಸುತ್ತಿಗೆಯ ಮೂತಿ ಅಡ್ಡಪಟ್ಟಿಯೊಳಗೆ ಹೊಕ್ಕು ಕೂತಿತ್ತು.

“ಗಟ್ಟಿ ಕಬ್ಬಿಣ ಠಣ್ ಅನ್ನುತ್ತೆ. ತಿಂದುಹೋಗಿರೋದು ದಬ್ ಅನ್ನುತ್ತೆ. ನೀನು ಬಣ್ಣ ಹೊಡೆದಿರೋದು ಕಬ್ಬಿಣಕ್ಕಲ್ಲ, ತುಕ್ಕಿಗೆ.”

“ಟೈರು ಚೆನ್ನಾಗಿದೆ ನೋಡು. ಹಲ್ಲು ಒಂದೂ ಸವೆದಿಲ್ಲ.”

“ಓಡಿದ್ದರಲ್ಲವಾ ಸವೆಯೋದಕ್ಕೆ? ಪಕ್ಕದಲ್ಲಿ ನೋಡು, ಒಣಗಿದ ಕೆರೆ ಥರ ಬಿರುಕು. ಗಿರಣಿ ಹೇರಿದರೆ ದಾರಿಯಲ್ಲೇ ಪಟಾಕಿ.”

“ನಾನು ಹೇಳಿರಲಿಲ್ಲವಾ, ತಪ್ಪು ಹುಡುಕ್ತಾಳೆ ಅಂತ,” ಎಂದು ಗಾಡಿಯಣ್ಣ ಹೆಂಡತಿಯನ್ನು ನೋಡಿದ.

“ಸಿಕ್ಕಿತಲ್ಲ,” ಅಂದಳು ಹೆಂಡತಿ.

ಅವತ್ತಿನಿಂದ ಹಿತ್ತಲೇ ಶೆಡ್ ಆಯಿತು. ತಿಂದುಹೋದ ಪಟ್ಟಿಗಳನ್ನು ತಂಗಿ ಕತ್ತರಿಸಿ ತೆಗೆದಳು. ಅವುಗಳ ಜಾಗಕ್ಕೆ ಹೊಸ ಕಬ್ಬಿಣ ಕೂಡಿಸಿದಳು. ಅವಳು ವೆಲ್ಡಿಂಗ್ ಮಾಡುವಾಗ ಕಿಡಿ ಹಾರಿದರೆ, ಅತ್ತಿಗೆ ಬಕೆಟ್ ನೀರು ಹಿಡಿದು, ಬೆಳಕು ಕಣ್ಣಿಗೆ ಹೊಡೆಯದ ಹಾಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ಗಾಡಿಯಣ್ಣ ಚಕ್ರ ಬಿಚ್ಚಿ, ಬೇರಿಂಗ್ ತೊಳೆದು, ಹೊಸ ಗ್ರೀಸು ತುಂಬಿದ. ಈ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎತ್ತಿ ನಿಲ್ಲಿಸಿದ ಚಕ್ರವನ್ನು ಒಂದು ಬೆರಳಲ್ಲಿ ತಿರುಗಿಸಿ, ಅದು ಸದ್ದಿಲ್ಲದೆ ಸುತ್ತುವುದನ್ನು ಮಗು ಬುಗುರಿ ನೋಡಿದ ಹಾಗೆ ನೋಡುತ್ತಿದ್ದ.

ಹೊಸ ಟೈರು ಬಂತು. ಮೈಗೆ ದಪ್ಪ ಹಲಗೆ ಬಂತು. ಹಿಂದೆ ಕೆಂಪು ದೀಪ, ಹೊಳೆಯುವ ಪಟ್ಟಿ. ಪಿಕಪ್‌ಗೆ ಸಿಕ್ಕಿಸುವ ಕೊಂಡಿಯ ಪಕ್ಕ ತಂಗಿ ಎರಡು ಸರಪಳಿಯನ್ನೂ ಕೂಡಿಸಿದಳು.

“ಕೊಂಡಿ ಇದೆಯಲ್ಲ, ಸರಪಳಿ ಯಾಕೆ?” ಗಾಡಿಯಣ್ಣನ ಅನುಮಾನ.

“ಅಕಸ್ಮಾತ್ ಕೊಂಡಿ ಕೈಕೊಟ್ಟರೆ ಟ್ರೇಲರ್ ತನಗೆ ಬೇಕಾದ ಕಡೆ ಹೋಗಬಾರದಲ್ಲ. ದಂಡದ ಅಡಿಯಲ್ಲಿ ಒಂದರ ಮೇಲೊಂದು ಅಡ್ಡ ಹಾಯಿಸಿ ಕಟ್ಟಿದರೆ, ಕಳಚಿದ ದಂಡ ನೆಲಕ್ಕೆ ಕುಕ್ಕದೆ ಸರಪಳಿಯ ಮೇಲೇ ಕೂರುತ್ತೆ.”

ಅದನ್ನೂ ಅವನು ಒಪ್ಪಿದ. ಸಾರಿಗೆ ಕಚೇರಿಯಲ್ಲಿ ತಪಾಸಣೆ ಮಾಡಿಸಿ ಓಡಿಸಲು ಒಪ್ಪಿಗೆ ಪಡೆದದ್ದೂ ಆಯಿತು. ಕೊನೆಗೆ ಜಗಳ ಬಂದದ್ದು ಭಾರ ಎಲ್ಲಿ ಇಡಬೇಕು ಅನ್ನುವುದಕ್ಕೆ.

ಮೊದಲು ಮರಳಿನ ಮೂಟೆ ಹೇರಿ ಓಡಿಸಿ ನೋಡೋಣ ಅಂದಳು ತಂಗಿ. ಗಾಡಿಯಣ್ಣ ಮೂಟೆಗಳನ್ನೆಲ್ಲ ಚಕ್ರದಿಂದ ಹಿಂದಕ್ಕೆ ಪೇರಿಸಿದ. ಮುಂದಿನ ದಂಡವನ್ನು ಎರಡೇ ಬೆರಳಲ್ಲಿ ಎತ್ತಿ ತೋರಿಸಿದ. ಅವನ ಮನೆಯಲ್ಲಿ ಮಕ್ಕಳು ನಡೆಯಲು ಕಲಿಯುವ ಮುಂಚೆ ಕಲಿಯುತ್ತಿದ್ದ ವಿದ್ಯೆ ಇದು. ಕೈಗಾಡಿಗೆ ಭಾರ ಹಿಂದಕ್ಕೆ ಹೇರು, ಹಿಡಿ ಹಗುರಾಗಲಿ.

“ನೋಡು, ಹೂವಿನ ಹಾಗಿದೆ. ನಿನ್ನ ಪಿಕಪ್‌ಗೆ ಗೊತ್ತೇ ಆಗೋದಿಲ್ಲ.”

“ಅಣ್ಣ, ಅದು ತಪ್ಪು. ಭಾರ ಚಕ್ರಕ್ಕಿಂತ ಸ್ವಲ್ಪ ಮುಂದಕ್ಕೆ ಬರಬೇಕು.”

“ಮೂರು ತಲೆಮಾರಿನಿಂದ ಹೇರ್ತಾ ಇದ್ದೀವಿ. ನನಗೆ ಹೇರೋದು ಹೇಳಿಕೊಡ್ತೀಯ?”

ತಂಗಿ ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ನಗು ತಡೆದುಕೊಂಡು ಆಕಾಶ ನೋಡಿದಳು.

“ಸರಿ. ನಿನ್ನ ಮಾತೇ ಆಗಲಿ. ಆದರೆ ರಸ್ತೆಯಲ್ಲಿ ಬೇಡ, ಖಾಲಿ ಮೈದಾನದಲ್ಲಿ. ನನ್ನ ಪಕ್ಕದಲ್ಲೇ ಕೂತ್ಕೋ.”

ತುದಿಯಲ್ಲಿ ಕೂತ ಹೆಂಡತಿಯನ್ನು ಬಿಟ್ಟರೆ ಮೈದಾನದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಪಿಕಪ್ ನಿಧಾನಕ್ಕೆ ಹೊರಟಿತು. ಟ್ರೇಲರ್ ಸಾಧುವಾಗಿ ಹಿಂದೆ ಬಂತು.

“ಕಂಡೆಯಾ,” ಅಂದ ಗಾಡಿಯಣ್ಣ.

ತಂಗಿ ವೇಗ ಒಂದಿಷ್ಟು ಏರಿಸಿದಳು. ಟ್ರೇಲರ್ ಒಂದು ಸಲ ಸೊಂಟ ಬಳುಕಿಸಿತು. ಆಮೇಲೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಯಜಮಾನನನ್ನು ಕಂಡ ನಾಯಿಯ ಬಾಲದ ಹಾಗೆ ಆಡತೊಡಗಿತು. ಬಾಲದ ಜೊತೆ ನಾಯಿಯೂ ಆಡತೊಡಗಿತು. ಪಿಕಪ್‌ನ ಹಿಂಭಾಗ ನೆಲ ಬಿಟ್ಟು ತೇಲಿದಂತಾಯಿತು. ಗಾಡಿಯಣ್ಣ ಬಾಗಿಲ ಹಿಡಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡ.

“ಬ್ರೇಕ್ ಹಾಕೇ, ಬ್ರೇಕ್ ಹಾಕು.”

“ಹಾಕಬಾರದು,” ಅಂದಳು ತಂಗಿ. ಸ್ಟಿಯರಿಂಗನ್ನು ನೆಟ್ಟಗೆ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದಳು, ಅಷ್ಟೆ. “ಈಗ ಬ್ರೇಕ್ ಒತ್ತಿದರೆ ಅದು ನಮ್ಮನ್ನೇ ತಿರುಗಿಸಿ ಹಾಕುತ್ತೆ.”

ವೇಗ ಇಳಿಯಿತು. ಬಾಲ ನಿಂತಿತು. ಪಿಕಪ್ಪೂ ನಿಂತಿತು. ಹಿಂದೆ ಮೈದಾನದ ತುಂಬ ಮರಳಿನ ಮೂಟೆಗಳು ಅಲ್ಲೊಂದು ಇಲ್ಲೊಂದು ಬಿದ್ದಿದ್ದವು. ಗಾಡಿಯಣ್ಣ ಕೆಳಗಿಳಿದು ಒಡೆದ ಮೂಟೆಯೊಂದರ ಮುಂದೆ ನಿಂತ. ಮರಳು ಹಿಟ್ಟಿನ ಹಾಗೆ ಹರಡಿತ್ತು. ಅವನ ಕಣ್ಣಿಗೆ ಅದು ಮೂಟೆಯಾಗಿ ಕಾಣಲಿಲ್ಲ. ಗಿರಣಿಯಾಗಿ ಕಂಡಿತು. ದಿಬ್ಬದ ರಸ್ತೆಯಲ್ಲಿ ಮಕ್ಕಳು ಸ್ಕೂಲಿಗೆ ನಡೆದುಹೋಗುವುದೂ ನೆನಪಾಯಿತು.

“ಕೈಗಾಡೀಲಿ ಯಾಕೆ ಹೀಗಾಗೋದಿಲ್ಲ?” ಅಂದ ಕೊನೆಗೆ.

“ಕೈಗಾಡಿ ಹಿಡಿಯೋದು ನೀನು. ಅದು ಆಚೀಚೆ ಹೋದರೆ ನಿನ್ನ ತೋಳು ಸರಿ ಮಾಡುತ್ತೆ, ಅದೂ ನಡಿಗೆಯ ವೇಗ. ಪಿಕಪ್‌ಗೆ ತೋಳಿಲ್ಲ ಅಣ್ಣ, ಇರೋದು ಒಂದು ಕೊಂಡಿ. ದಂಡ ಆ ಕೊಂಡಿಯನ್ನ ಸ್ವಲ್ಪ ಒತ್ತಿಕೊಂಡೇ ಇರಬೇಕು. ಹಗುರಾದರೆ ಆಟ ಶುರು. ಹಾಗಂತ ಎಲ್ಲ ಭಾರಾನೂ ಟ್ರೇಲರಿನ ಮುಂದಿನ ತುದಿಗೇ ಹೇರಿದರೂ ಕಷ್ಟ. ಪಿಕಪ್ ಮುಂದೆ ಎದ್ದು, ಹಿಂದೆ ಕುಸಿಯುತ್ತೆ. ಚಕ್ರದಿಂದ ತುಸು ಮುಂದಕ್ಕೆ, ಅಷ್ಟೇ.”

ಗಾಡಿಯಣ್ಣ ಶರ್ಟಿನ ತೋಳು ಮಡಿಸಿದ. ಮೂಟೆಗಳನ್ನು ತಾನೇ ಎತ್ತಿ ತಂದು, ತಂಗಿ ತೋರಿಸಿದ ಕಡೆ ಜೋಡಿಸಿ, ಬಿಗಿದು ಕಟ್ಟಿದ. ಎರಡನೇ ಸುತ್ತಿನಲ್ಲಿ, ಅದೇ ವೇಗಕ್ಕೆ, ಟ್ರೇಲರ್ ಅಮ್ಮನ ಸೆರಗು ಹಿಡಿದ ಮಗುವಿನ ಹಾಗೆ ಹಿಂದೆಯೇ ಬಂತು. ಮೈದಾನದ ತುದಿಯಲ್ಲಿ ಕೂತಿದ್ದ ಹೆಂಡತಿ ಚಪ್ಪಾಳೆ ತಟ್ಟಿದಳು.

“ಈಗ ಯಾರು ಹೇರೋದು ಹೇಳಿಕೊಟ್ಟರು?” ಅಂತ ಕೂಗಿದಳು.

“ಮೂಟೆ,” ಅಂದ ಗಾಡಿಯಣ್ಣ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಗಿರಣಿ ಸಾಗಿಸುವ ದಿನ ಬೀದಿಯೇ ಅಂಗಡಿ ಮುಂದೆ ನೆರೆದಿತ್ತು. ಗಿರಣಿಯನ್ನು ಉರುಳುವ ಮರದ ಕೊರಡುಗಳ ಮೇಲೆ ಇಂಚಿಂಚೇ ಸರಿಸಿ ಟ್ರೇಲರಿಗೆ ಏರಿಸಿ, ಚಕ್ರದಿಂದ ತುಸು ಮುಂದಕ್ಕೆ ಕೂರಿಸಿದರು. ನಾಲ್ಕೂ ಮೂಲೆಯಿಂದ ಬೆಲ್ಟು ಎಳೆದು ಬಿಗಿದರು. ಗಾಡಿಯಣ್ಣ ಕೊಂಡಿ ಅಲುಗಿಸಿ ನೋಡಿದ, ಸರಪಳಿ ನೋಡಿದ, ಹೆಂಡತಿಯನ್ನು ಹಿಂದೆ ನಿಲ್ಲಿಸಿ ದೀಪ ಹತ್ತುತ್ತದೆಯೇ ಅಂತ ಕೇಳಿದ. ತಿರುಗಿ ನೋಡುವಷ್ಟರಲ್ಲಿ ಗಿರಣಿ ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಟ್ರೇಲರ್ ಹತ್ತಲು ಕಾಲೆತ್ತಿದ್ದರು.

“ದೊಡ್ಡಮ್ಮ, ಎಲ್ಲಿಗೆ?”

“ಅದರ ಪಕ್ಕ ಹಿಡ್ಕೊಂಡು ಕೂರ್ತೀನಿ. ಇಷ್ಟು ವರ್ಷ ಜೊತೆಗಿದ್ದದ್ದು, ಒಂಟಿಯಾಗಿ ಕಳಿಸಲಾ?”

ಮೊದಲಾಗಿದ್ದರೆ ಗಾಡಿಯಣ್ಣ ತಾನೇ ಕೈ ಕೊಟ್ಟು ಹತ್ತಿಸುತ್ತಿದ್ದ. ಇವತ್ತು ದಾರಿಗೆ ಅಡ್ಡ ನಿಂತ.

“ಇದರ ಮೇಲೆ ಜೀವ ಇರೋದು ಯಾವುದೂ ಹತ್ತೋ ಹಾಗಿಲ್ಲ ದೊಡ್ಡಮ್ಮ. ಕೋಳೀನೇ ಇಳಿಸಿದ್ದೀನಿ.”

“ನಾನೂ ಕೋಳೀನೂ ಒಂದೇನೋ?”

“ಕೋಳಿ ಹೇಳಿದ ತಕ್ಷಣ ಇಳೀತು.”

ಬೀದಿ ಗೊಳ್ಳೆಂದಿತು. ದೊಡ್ಡಮ್ಮನೂ ನಕ್ಕು ಪಿಕಪ್‌ನೊಳಗೆ ಕೂತರು. ಕೂತರೂ ಕತ್ತು ಹಿಂದಕ್ಕೇ. ಸ್ವಲ್ಪ ದೂರ ಹೋದ ಮೇಲೆ ಗಾಡಿಯಣ್ಣ ತಂಗಿಗೆ ಪಿಕಪ್ ನಿಲ್ಲಿಸಲು ಹೇಳಿದ. ಹೊಸ ಬೆಲ್ಟು ಒಂದು ಸಡಿಲಾಗಿತ್ತು. ಅದನ್ನು ಮತ್ತೆ ಬಿಗಿದ. ತಂಗಿ ಕನ್ನಡಿಯಲ್ಲಿ ಅಣ್ಣನನ್ನು ನೋಡಿ ಮುಗುಳ್ನಕ್ಕಳು.

ದಿಬ್ಬ ಬಂತು. ಏರಿದರು. ಇಳಿದರು. ಸ್ಕೂಲಿನ ಗೇಟಿನ ಮುಂದೆ ಮಕ್ಕಳು ನಿಂತು ಕೈಬೀಸಿದರು. ನೀಲಿ ಟ್ರೇಲರ್ ಗೆರೆ ಎಳೆದ ಹಾಗೆ ನೆಟ್ಟಗೆ ಹೋಯಿತು.

ಸಂಜೆ ಹೊಸ ಅಂಗಡಿಯಲ್ಲಿ ಗಿರಣಿ ಗುರ್ ಎಂದಿತು. ದೊಡ್ಡಮ್ಮ ಮೊದಲ ಹಿಡಿ ಹಿಟ್ಟನ್ನು ತೆಗೆದು ಗಾಡಿಯಣ್ಣನ ಎರಡೂ ಕೆನ್ನೆಗೆ ಬಳಿದರು. ಅವನು ಒರೆಸಿಕೊಳ್ಳಲಿಲ್ಲ. ಅಲ್ಲೇ ಯಾರೋ ನೀರಿನ ತೊಟ್ಟಿ ಸಾಗಿಸಬೇಕು ಅಂತ ಅವನನ್ನು ಹುಡುಕಿಕೊಂಡು ಬಂದರು. ಬಿಳಿ ಮುಖದಲ್ಲೇ ಅವರಿಗೆ ಅವನು ಕೇಳಿದ ಮೊದಲ ಪ್ರಶ್ನೆ ಇದು: “ತೊಟ್ಟಿಯ ಭಾರ ಯಾವ ಕಡೆಗಿದೆ?”

ಈ ಕಥೆ ಓದಿದ, ಕೇಳಿದ ಅಕ್ಕ, ಅಣ್ಣ, ನಿಮ್ಮ ಹಿತ್ತಲಲ್ಲೂ ಹಳೇ ಟ್ರೇಲರ್ ಇದ್ದರೆ ಅದನ್ನು ಗುಜರಿಗೆ ಹಾಕಬೇಕಿಲ್ಲ. ಆದರೆ ಬಣ್ಣದ ಡಬ್ಬಿ ತೆರೆಯುವ ಮುಂಚೆ ಸುತ್ತಿಗೆ ಹಿಡಿದು ಕೆಳಗೆ ನುಸುಳಿ. ದಬ್ ಅಂದ ಕಡೆ ಗೊತ್ತಿದ್ದವರ ಕೈಯಿಂದ ಹೊಸ ಕಬ್ಬಿಣ ಹಾಕಿಸಿ. ಟೈರಿನ ಹಲ್ಲು ನೋಡಿ ಮೋಸಹೋಗಬೇಡಿ, ಪಕ್ಕದ ಬಿರುಕು ನೋಡಿ. ಸರಪಳಿ, ದೀಪ ಇಲ್ಲದೆ ರಸ್ತೆಗೆ ಇಳಿಯಬೇಡಿ. ಭಾರ ಚಕ್ರದಿಂದ ತುಸು ಮುಂದಕ್ಕಿರಲಿ, ಬಿಗಿದು ಕಟ್ಟಿ, ಸ್ವಲ್ಪ ದೂರ ಹೋಗಿ ಇನ್ನೊಮ್ಮೆ ನೋಡಿ. ಭಾರದ ಮೇಲೆ ಯಾರನ್ನೂ ಕೂರಿಸಬೇಡಿ, ಅವರು ಎಷ್ಟೇ ಹಿರಿಯರಾಗಿರಲಿ, ಎಷ್ಟೇ ಹಟ ಮಾಡಲಿ. ಕೋಳಿಯ ಮಾತು ಹೇಳಿ ನಗಿಸಿ, ಒಳಗೆ ಕರೆದು ಕೂರಿಸಿ.

ಗಾಡಿಯಣ್ಣನ ಕೋಳಿ ಈಗ ಕೈಗಾಡಿಯ ಕೆಳಗೆ ಮೊಟ್ಟೆ ಇಡುತ್ತಿದೆ. ಬಾಲದ ನೀಲಿ ಇನ್ನೂ ಹೋಗಿಲ್ಲ.