ಬೀಗದ ನಂಬರನ್ನೂ ಕೊಡಲು ಹೊರಟ ಭಾವ

ನಮ್ಮ ಬೀದಿಯ ನಲ್ಲಿಯಲ್ಲಿ ಒಂದು ದಿನ ನೀಲಿ ನೀರು ಬರುತ್ತದೆ, ಇನ್ನೊಂದು ದಿನ ಕೆಂಪು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯವರನ್ನು ಕೇಳಿದರೆ "ನಮ್ಮದಲ್ಲ" ಎನ್ನುತ್ತಾರೆ. ಹಾಗಾದರೆ ನೆಲದಡಿ ಯಾರು ಕೂತು ಬಣ್ಣ ಕಲೆಸುತ್ತಿದ್ದಾರೋ!

ನಮ್ಮಕ್ಕ ಹೊಲಿಗೆಯವಳು. ಅವಳ ಅಂಗಡಿಯೇ ಈ ಹೋರಾಟದ ಕಚೇರಿ. ದೂರು ಬರೆಯುವುದು, ಸಹಿ ಹಾಕಿಸುವುದು, ಕಾರ್ಖಾನೆಯ ಗೇಟಿನ ಮುಂದೆ ಸೇರಲು ಜನರನ್ನು ಕರೆಯುವುದು, ನೀರಿನ ಫೋಟೊ ಕೂಡಿಡುವುದು ಎಲ್ಲ ಅಲ್ಲೇ, ಅವಳ ಫೋನಿನಲ್ಲೇ. ಮುಖ್ಯವಾದ ಫೋಟೊಗಳು ಬಂದದ್ದು ಕಾರ್ಖಾನೆಯ ಒಳಗಿನಿಂದ. ಅಲ್ಲಿ ಬಣ್ಣ ಕಲೆಸುವವರೊಬ್ಬರಿದ್ದಾರೆ. ಕೈ ಯಾವಾಗಲೂ ನೀಲಿಯಾಗಿರುವುದರಿಂದ ನಾವು ನೀಲಿಯಣ್ಣ ಎನ್ನುತ್ತೇವೆ. ಕೊಳಕು ನೀರು ಬಿಡುವ ಪೈಪಿನ ಫೋಟೊ ತೆಗೆದು ಅಕ್ಕನಿಗೆ ಕಳಿಸಿದವರು ಅವರೇ. ಅವರ ಹೆಸರು ಹೊರಬಿದ್ದರೆ ಕೆಲಸ ಹೋಗುತ್ತದೆ. ಮನೆಯಲ್ಲಿ ದುಡಿಯುವವರು ಅವರೊಬ್ಬರೇ.

ನಾನು ಉಚಿತ ಕಾನೂನು ನೆರವು ಕೇಂದ್ರದಲ್ಲಿ ಅರ್ಜಿ ಟೈಪ್ ಮಾಡುತ್ತೇನೆ. ಕಳೆದ ತಿಂಗಳು ಒಂದು ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಂಗಡಿಗೆ ಹೊಕ್ಕರೆ, ಭಾವ ಇಸ್ತ್ರಿ ಅಂಗಿ ತೊಟ್ಟು ಹೊರಟು ನಿಂತಿದ್ದರು.

"ಎಲ್ಲಿಗೆ ಭಾವ?"

"ಠಾಣೆಯಿಂದ ಫೋನ್ ಬಂದಿತ್ತಮ್ಮ. ನಿಮ್ಮಕ್ಕನ ಫೋನ್ ತಗೊಂಡು ಬರಬೇಕಂತೆ. ಸುಮ್ನೆ ಎರಡು ಮಾತಂತೆ. ನಾನೇ ಕೊಟ್ಟು ಬರ್ತೀನಿ."

"ನಾನು ಬೇಡ ಅಂದೆ," ಅಕ್ಕ ಮಿಷನ್ ನಿಲ್ಲಿಸಿ ಹೇಳಿದಳು. "ನನ್ನ ಮಾತು ಇವರ ಕಿವಿಗೆ ಬಿದ್ದರೆ ತಾನೆ?"

ಅಂಗಡಿಗೆ ಬಂದ ಪ್ರತಿ ಬಟ್ಟೆಗೂ ವಿವರದ ಚೀಟಿ ಬರೆದು ಪಿನ್ ಚುಚ್ಚುವುದು ಭಾವನ ಕೆಲಸ. ಚೀಟಿಯಿಲ್ಲದ ಬಟ್ಟೆ ಅವರ ಕೈ ದಾಟುವುದಿಲ್ಲ. ಅವರು ಕೈಯಲ್ಲಿ ಹಿಡಿದಿದ್ದ ಬಟ್ಟೆಯ ಚೀಲ ನೋಡಿದೆ. ಒಳಗೆ ಒರೆಸಿ ಪೂರ್ತಿ ಚಾರ್ಜ್ ಮಾಡಿದ ಫೋನು. ಹೊರಗೆ ಪಿನ್ ಚುಚ್ಚಿದ ಚೀಟಿ. ಚೀಟಿಯ ಮೇಲೆ ದುಂಡಗಿನ ಅಕ್ಷರದಲ್ಲಿ ಅಕ್ಕನ ಹೆಸರು, ಅದರ ಕೆಳಗೆ ಫೋನ್ ತೆರೆಯುವ ನಂಬರು.

"ಇದೇನು ಭಾವ!"

"ಅವರಿಗೆ ತೊಂದರೆ ಆಗಬಾರದಲ್ವಾ?"

ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. ಸಿಟ್ಟು ನುಂಗಿಕೊಂಡು ಕೇಳಿದೆ. "ಕರೆದವರ ಹೆಸರೇನು?"

"ಸಾಹೇಬರು."

"ಯಾವ ಠಾಣೆ?"

"ಠಾಣೆ ಅಂದ್ರು."

"ಯಾಕಂತೆ?"

"ಕೇಳಿದ್ರೆ ಏನಂದ್ಕೋತಾರೋ ಅಂತ ಕೇಳ್ಲಿಲ್ಲ. ಅಲ್ಲಮ್ಮ, ನಾವೇನು ಕಳ್ಳತನ ಮಾಡಿದ್ದೀವಾ? ಮುಚ್ಚಿಡೋಕೆ ಏನಿದೆ?"

"ನೀವು ಏನೂ ಮಾಡಿಲ್ಲ. ಆದರೆ ಆ ಫೋನಲ್ಲಿ ನೀಲಿಯಣ್ಣ ಇದ್ದಾರೆ. ನಾಳೆ ಅವರ ಮನೆಗೆ ಹೋಗಿ ಏನು ಹೇಳ್ತೀರಿ?"

ಭಾವನ ಮುಖ ಬಿಳಿಚಿತು. ಇನ್ನಾದರೂ ಬುದ್ಧಿ ಬಂತಲ್ಲ ಎಂದುಕೊಳ್ಳುವಷ್ಟರಲ್ಲಿ ಚೀಲದಿಂದ ಫೋನ್ ಎಳೆದು, "ಹಾಗಾದ್ರೆ ಎಲ್ಲ ಅಳಿಸಿಬಿಡ್ತೀನಿ!" ಎಂದರು.

"ಮುಟ್ಟಬೇಡಿ!" ನನ್ನ ಕೂಗಿಗೆ ಎದುರಿನ ಅಂಗಡಿಯವರೂ ಇತ್ತ ತಿರುಗಿದರು. "ಪೊಲೀಸರು ಕರೆದ ಮೇಲೆ ಅಳಿಸಿದರೆ ಸಾಕ್ಷ್ಯ ನಾಶ ಮಾಡಿದಿರಿ ಅಂತ ಅದೇ ಒಂದು ಕೇಸಾಗಬಹುದು."

"ಕೊಡಬಾರದು, ಅಳಿಸಬಾರದು. ಮತ್ತೇನು ನುಂಗಲಾ?"

ನಾನು ನಮ್ಮ ಕೇಂದ್ರದ ವಕೀಲಮ್ಮನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

"ಕರೆದವರ ಹೆಸರು, ಹುದ್ದೆ, ಠಾಣೆ ಕೇಳಿ ಬರ್ಕೊಳ್ಳಿ," ಎಂದರು ವಕೀಲಮ್ಮ. "ಠಾಣೆಯ ನಂಬರಿಗೆ ನೀವೇ ತಿರುಗಿ ಮಾಡಿ, ಅವರು ನಿಜವಾಗಿ ಅಲ್ಲಿದ್ದಾರಾ ನೋಡಿ. ಯಾಕೆ ಕರೀತಿದ್ದೀರಿ, ಬರವಣಿಗೆಯಲ್ಲಿ ನೋಟಿಸ್ ಕೊಡಿ ಅನ್ನಿ. ಸುಳ್ಳು ಹೇಳಬೇಡಿ, ಜಗಳ ಆಡಬೇಡಿ. ವಕೀಲರ ಜೊತೆ ಮಾತಾಡಿ ಉತ್ತರ ಕೊಡ್ತೀನಿ ಅಂದರೆ ಸಾಕು. ನೋಟಿಸ್ ಬಂದ ಮೇಲೆ ಮಾತ್ರ ಅದನ್ನ ಕಡೆಗಣಿಸಬೇಡಿ."

"ಅವರೇ ಬಂದು ಫೋನ್ ಕಿತ್ಕೊಂಡ್ರೆ?" ಅಕ್ಕ ಕೇಳಿದಳು.

"ಎಳೆದಾಡಬೇಡಮ್ಮ. ಆದೇಶ ತೋರಿಸಿ ಅನ್ನು. ನನಗೆ ಒಪ್ಪಿಗೆ ಇಲ್ಲ ಅಂತ ಬಾಯಿಬಿಟ್ಟು ಹೇಳು. ಏನೇನು ತಗೊಂಡ್ರು ಅಂತ ರಸೀದಿ ಬರೆಸ್ಕೋ. ಬೀಗದ ನಂಬರ್ ಕೇಳಿದರೆ ಮೊದಲು ನನಗೆ ಫೋನ್ ಮಾಡು."

ಅಕ್ಕ ನಮ್ಮ ಬೀದಿ ಸೇರುವ ಠಾಣೆಯ ನಂಬರ್ ಹುಡುಕಿ ಫೋನ್ ಮಾಡಿದಳು. ಕರೆದ ಸಾಹೇಬರು ಅಲ್ಲಿಯವರೇ. ವಕೀಲಮ್ಮ ಹೇಳಿದ್ದನ್ನೆಲ್ಲ ಕೇಳಿದಳು. ಆ ಕಡೆಯವರು, "ಇದನ್ನೆಲ್ಲ ಯಾರಮ್ಮ ಹೇಳಿಕೊಟ್ರು ನಿಮಗೆ?" ಎಂದು ಗದರಿದರು. "ನೋಟಿಸ್ ಕೊಡಿ ಸಾರ್, ವಕೀಲರ ಜೊತೆ ಬರ್ತೀನಿ," ಎಂದಷ್ಟೇ ಹೇಳಿ ಇಟ್ಟಳು.

ಆಮೇಲೆ ಫೋನಿಗೆ ಹೊಸ ಬೀಗ ಹಾಕಿದೆವು. ಬೆರಳಿಟ್ಟರೆ ತೆರೆಯುವುದನ್ನು ತೆಗೆದು ಉದ್ದದ ನಂಬರ್ ಇಟ್ಟೆವು. ಬಂದ ಮೆಸೇಜು ಬೀಗ ತೆಗೆಯದೆಯೇ ಪರದೆಯ ಮೇಲೆ ಕಾಣುತ್ತಿತ್ತು, ಅದನ್ನೂ ನಿಲ್ಲಿಸಿದೆವು. ಹಳೆಯ ಮೆಸೇಜು, ಫೋಟೊ ಒಂದನ್ನೂ ಮುಟ್ಟಲಿಲ್ಲ.

"ಇಷ್ಟುದ್ದ ನಂಬರ್ ಯಾರಿಗೆ ನೆನಪಿರುತ್ತೆ?" ಎಂದು ಭಾವ ಗೊಣಗಿದರು.

"ಇಡೀ ಬೀದಿಯ ಸೊಂಟದಳತೆ ನೆನಪಿದೆಯಲ್ಲ! ಆದರೂ ಇದು ನಿಮಗೆ ಗೊತ್ತಾಗೋದೇ ಬೇಡ ಬಿಡಿ," ಎಂದೆ.

ಮೂರನೇ ದಿನ ನೋಟಿಸ್ ಬಂತು. ಕಾರ್ಖಾನೆಯ ಗೇಟಿನ ಮುಂದೆ ಗುಂಪು ಸೇರಿದ ಬಗ್ಗೆ ಹೇಳಿಕೆ ಕೊಡಬೇಕು, ಅಷ್ಟೇ. ಫೋನಿನ ಮಾತೇ ಇರಲಿಲ್ಲ. ಆ ಸಾಹೇಬರು ಬಾಯಲ್ಲಿ ಕೇಳಿದ್ದಕ್ಕೇ ನಾವು ಫೋನನ್ನು ಒರೆಸಿ ಒಪ್ಪಿಸಲಿದ್ದೆವು! ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಕ್ಕ ವಕೀಲಮ್ಮನ ಜೊತೆ ಠಾಣೆಗೆ ಹೋದಳು. ಬರೆದುಕೊಂಡ ಹೇಳಿಕೆಯಲ್ಲಿ 'ಕಾರ್ಖಾನೆಯ ಕೆಲಸಗಾರರ ನೆರವಿನಿಂದ' ಎಂಬ ಮಾತು ಹೇಗೋ ನುಸುಳಿತ್ತು. ಅಕ್ಕ ಅದನ್ನು ಹೇಳಿರಲೇ ಇಲ್ಲ. ಓದಿ ನೋಡಿ, ಹೊಡೆದು ಹಾಕಿಸಿ, ಆಮೇಲೆ ಸಹಿ ಹಾಕಿದಳು. ಹೊರಗೆ ಬೆಂಚಿನ ಮೇಲೆ ನಾನು, ಭಾವ ಕೂತಿದ್ದೆವು. ಪೇದೆಯೊಬ್ಬರು ಪಕ್ಕದಲ್ಲಿ ಕೂತು ಬಲು ಸ್ನೇಹದಿಂದ, "ನಿಮ್ಮ ದೂರಿನ ಜೊತೆಗಿರೋ ಆ ಪೈಪಿನ ಫೋಟೊ ಚೆನ್ನಾಗಿದೆ. ಒಳಗಿನವರು ಯಾರೋ ಕೊಟ್ಟಿರಬೇಕು, ಅಲ್ವಾ?" ಎಂದರು. ನನ್ನ ಜೀವ ಬಾಯಿಗೆ ಬಂತು. ಕೇಳಿದವರಿಗೆ ಇಲ್ಲ ಎನ್ನಲು ಗೊತ್ತೇ ಇಲ್ಲದ ನಮ್ಮ ಭಾವ ಕೈ ಹೊಸಕಿಕೊಂಡರು, ಬೆವರು ಒರೆಸಿಕೊಂಡರು.

"ವಕೀಲರನ್ನ ಕೇಳಿ ಸಾರ್," ಎಂದರು.

ನೀಲಿಯಣ್ಣ ಮರುದಿನವೂ ಕೆಲಸಕ್ಕೆ ಹೋದರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಬೀದಿಯ ನೀರಿಗಾಗಿಯೋ ಕೂಲಿಗಾಗಿಯೋ ಜನರನ್ನು ಸೇರಿಸುತ್ತಿದ್ದೀರಾ? ಕರೆ ಬರುವವರೆಗೆ ಕಾಯಬೇಡಿ. ಇವತ್ತೇ ಫೋನಿಗೆ ಗಟ್ಟಿ ಬೀಗ ಹಾಕಿ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದು ಬೇಡ ಎಂದು ಈಗಲೇ ತೀರ್ಮಾನಿಸಿ. ವಕೀಲರೊಬ್ಬರ ನಂಬರನ್ನು ಕಾಗದದಲ್ಲೂ ಬರೆದಿಡಿ. ಕಾನೂನು ಒಂದೊಂದು ಕಡೆ ಒಂದೊಂದು ಥರ, ನಿಮ್ಮ ಕಡೆ ಹೇಗೆಂದು ಅವರನ್ನೇ ಕೇಳಿ. ಮನೆಯಲ್ಲಿ ನಮ್ಮ ಭಾವನಂಥವರು ಇದ್ದರೆ ಅವರನ್ನು ಮೊದಲು ಕೂರಿಸಿ ಇದನ್ನು ಓದಿ ಹೇಳಿ, ಬೇಕಾದರೆ ಎರಡು ಸಲ. ನಿಮ್ಮನ್ನು ನಂಬಿ ಫೋಟೊ ಕಳಿಸಿದವರಿಗೆ ಬೇರೆ ಯಾವ ಕಾವಲೂ ಇಲ್ಲ.